ದೇವರಿಗೆ ಪ್ರಮಾಣವೋ, ಭಕ್ತನಿಗೆ ಪ್ರಮಾಣವೋ?

ಕೆಲವು ತಿಂಗಳ ಹಿಂದೆ ಶಿವಾನುಭವಗೋಷ್ಠಿಯು ಮುಗಿದು, ನೆರೆದವರು ಪ್ರಸಾದಕ್ಕೆ ಎದ್ದ ವೇಳೆಯಲ್ಲಿ, ವಯಸ್ಸಾದ ಗೃಹಸ್ಥರೊಬ್ಬರು ಎಲ್ಲರಿಗಿಂತ ಹಿಂದೆ ಉಳಿದು ನಿಂತರು. ಕಾಳುಕಡಿಯ ಅಂಗಡಿಯನ್ನಿಟ್ಟು ಮರ್ಯಾದೆಯಿಂದ ಬಾಳಿದವರು. ಅಂದು ಅವರ ಮೋರೆಯಲ್ಲಿ ದುಃಖವು ತೋರುತ್ತಿದ್ದಿತು. ವಿಚಾರಿಸಲಾಗಿ ಅವರು ಹೇಳಿದ ಸಂಗತಿಯು ಇದು: ಅವರ ಮಗನು ವಿಜ್ಞಾನವನ್ನು ಓದುತ್ತಿರುವನು, ಬುದ್ಧಿವಂತನು, ದುಶ್ಚಟಗಳಿಲ್ಲದವನು. ರಜೆಗೆಂದು ಮನೆಗೆ ಬಂದವನು ಒಂದು ಬೆಳಿಗ್ಗೆ ಶಿವದಾರವನ್ನು ಕೊರಳಿನಿಂದ ತೆಗೆದು, ಕರಡಿಗೆಯನ್ನು ದೇವರ ಜಗಲಿಯ ಮೇಲಿರಿಸಿ, "ಅಪ್ಪಾ, ಇದರಲ್ಲಿ ದೇವರಿದ್ದಾನೆ ಎನ್ನುವುದಕ್ಕೆ ಪುರಾವೆ ಏನು? ತೋರಿಸಿದರೆ ನಾಳೆಯೇ ಕಟ್ಟಿಕೊಳ್ಳುತ್ತೇನೆ" ಎಂದನಂತೆ. ತಂದೆಗೆ ಉತ್ತರವು ಹೊಳೆಯಲಿಲ್ಲ. ಉತ್ತರವು ಹೊಳೆಯದಲ್ಲಿ ಸಿಟ್ಟು ಬರುವುದು ಮನುಷ್ಯಸ್ವಭಾವ. "ನೀನು ನನ್ನ ಮಗನೇ ಅಲ್ಲ" ಎಂಬ ಮಾತು ಬಾಯಿಂದ ಬಂದುಹೋಯಿತು. ಅಂದಿನಿಂದ ತಂದೆ ಮಗ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿರಲಿಲ್ಲ. "ಶರಣರೇ, ಆ ಹುಡುಗನಿಗೆ ತೋರಿಸುವಂಥ ಪುರಾವೆ ನಮ್ಮ ಧರ್ಮದಲ್ಲಿ ಯಾವುದಾದರೂ ಇದೆಯೇ?" ಎಂದು ಆ ಹಿರಿಯರು ಕೇಳಿದರು.

ಈ ಪ್ರಶ್ನೆಯು ಒಂದು ಮನೆಯದಲ್ಲ. ಇಂದು ಅನೇಕ ಮನೆಗಳಲ್ಲಿ ಇದು ಬಾಯಿಬಿಟ್ಟು ಕೇಳಿಯೋ ಕೇಳದೆಯೋ ಸುಳಿಯುತ್ತಿರುವುದು. ಆದುದರಿಂದ ವಾಚಕರೊಡನೆ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸಬೇಕೆಂದಿರುವೆವು.

ಪ್ರಶ್ನೆಯು ಪಾಪವಲ್ಲ

ಮೊದಲನೆಯದಾಗಿ, ಹೀಗೆ ಕೇಳುವುದೇ ಭಕ್ತಿಗೆ ಕುಂದು ಎಂಬ ಭಾವನೆಯನ್ನು ಬಿಡತಕ್ಕದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ನೆರೆದ ಸ್ಥಳಕ್ಕೆ ಅನುಭವಮಂಟಪವೆಂದು ಹೆಸರು. ಅಲ್ಲಿಗೆ ಬಂದವರನ್ನು ಕೈಮುಗಿಸಿ ಕುಳ್ಳಿರಿಸಲಿಲ್ಲ; ಮಾತನಾಡಿಸಿದರು, ಪ್ರಶ್ನಿಸಿದರು. ಅಕ್ಕಮಹಾದೇವಿಯು ಬಂದಾಗ ಅಲ್ಲಮಪ್ರಭುವು ಆಕೆಯ ವೈರಾಗ್ಯವನ್ನು ತಲೆದೂಗಿ ಒಪ್ಪಿಕೊಳ್ಳಲಿಲ್ಲ. ನಿನ್ನ ಪತಿಯಾರು ಎಂದು ಕೇಳಿದನು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡಿರುವುದೇಕೆಂದು ಕೇಳಿದನು. ಒಂದೊಂದು ಪ್ರಶ್ನೆಯೂ ಕತ್ತಿಯ ಅಲಗಿನಂತಿದ್ದಿತು. ಅಕ್ಕನು ಕೋಪಿಸಿಕೊಳ್ಳದೆ ಒಂದೊಂದಕ್ಕೂ ಉತ್ತರವನ್ನಿತ್ತಳು. ಶೂನ್ಯಸಂಪಾದನೆಗಳು ಈ ಸಂವಾದವನ್ನು ಕಾಯ್ದಿಟ್ಟಿರುವುದು ಸುಮ್ಮನೆ ಅಲ್ಲ. ಪ್ರಶ್ನೆಯ ಮುಂದೆ ನಿಲ್ಲಲಾರದ ನಂಬಿಕೆಗೆ ಆ ಮಂಟಪದಲ್ಲಿ ಸ್ಥಾನವಿರಲಿಲ್ಲವೆಂದು ತಿಳಿಸುವುದಕ್ಕಾಗಿ.

ಬಸವಣ್ಣನವರೂ ಯುಕ್ತಿಯನ್ನು ಬದಿಗಿಡಲಿಲ್ಲ. ಕಲ್ಲಿನ ನಾಗರಕ್ಕೆ ಪೂಜೆಯನ್ನು ಸಲ್ಲಿಸುವ ಜನರೇ ಹರಿದಾಡುವ ನಾಗರವನ್ನು ಕಂಡರೆ ಬಡಿಗೆಯನ್ನು ಹುಡುಕುವುದನ್ನು ಅವರು ಎತ್ತಿ ತೋರಿಸಿದರು. ಬೆಂಕಿಯ ಕಾವನ್ನು ತಾಳಲಾರದ ದೈವವು ಭಕ್ತನನ್ನು ಹೇಗೆ ಕಾಪಾಡೀತೆಂದು ಕೇಳಿದರು. ಇವೆಲ್ಲ ಪ್ರತ್ಯಕ್ಷವನ್ನೂ ತರ್ಕವನ್ನೂ ಹಿಡಿದು ಮಾಡಿದ ಪರೀಕ್ಷೆಗಳೇ ಆಗಿವೆ. ಹಾಗಾದರೆ ಆ ಹುಡುಗನು ಹಿಡಿದ ಅಸ್ತ್ರವು ನಮ್ಮ ಮನೆಯದೇ. ಅದನ್ನು ಕಂಡು ನಾವು ಬೆದರತಕ್ಕದ್ದಿಲ್ಲ.

ಪ್ರತ್ಯಕ್ಷ ಮತ್ತು ಅನುಮಾನ

ನಮ್ಮ ದೇಶದ ತಾರ್ಕಿಕರು ಜ್ಞಾನಸಾಧನಗಳನ್ನು ಪ್ರಮಾಣಗಳೆಂದು ಕರೆದರು. ನ್ಯಾಯದರ್ಶನವು ನಾಲ್ಕನ್ನು ಒಪ್ಪಿತು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿ, ಕಣ್ಣಿಗೆ ಕಾಣದ ದೇವರನ್ನು ನಿರಾಕರಿಸಿದರು. ಇದಕ್ಕೆ ಪ್ರತಿಯಾಗಿ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯೆಂಬ ಗ್ರಂಥವನ್ನು ರಚಿಸಿ, ಅನುಮಾನದಿಂದ ಈಶ್ವರನನ್ನು ಸಾಧಿಸಲು ಯತ್ನಿಸಿದರು. ಗಡಿಗೆಯಿದ್ದಲ್ಲಿ ಕುಂಬಾರನಿರುವನು, ಹಾಗೆಯೇ ಜಗತ್ತೆಂಬ ಕಾರ್ಯಕ್ಕೂ ಒಬ್ಬ ಕರ್ತೃವಿರಬೇಕು ಎಂಬುದು ಅವರ ವಾದಗಳಲ್ಲೊಂದು.

ಈ ವಾದವು ಕೇಳುವುದಕ್ಕೆ ಹಿತವಾಗಿದೆ. ಆದರೆ ಬೌದ್ಧರೂ ಮೀಮಾಂಸಕರೂ ಇಂಥ ವಾದವನ್ನು ಒಪ್ಪಲಿಲ್ಲ. ಕುಂಬಾರನಿಗೆ ದೇಹವಿದೆ, ಕೈಕಾಲುಗಳಿವೆ. ಜಗತ್ಕರ್ತೃವಿಗೂ ಅವು ಉಂಟೋ? ದೊಡ್ಡ ಮನೆಯನ್ನು ಒಬ್ಬನೇ ಕಟ್ಟುವುದಿಲ್ಲ, ಹತ್ತಾರು ಜನ ಕೂಡಿ ಕಟ್ಟುವರು. ಜಗತ್ತಿಗೂ ಹಲವು ಕರ್ತೃಗಳೋ? ಈಶ್ವರನನ್ನು ಪೂರ್ಣವಾಗಿ ನಂಬಿದ ಶ್ರೀ ರಾಮಾನುಜಾಚಾರ್ಯರು ಕೂಡ ಶ್ರೀಭಾಷ್ಯದಲ್ಲಿ ಅನುಮಾನದಿಂದ ಈಶ್ವರನು ಸಿದ್ಧಿಸನೆಂದು ವಾದಿಸಿ, ಶಾಸ್ತ್ರವೊಂದೇ ಪ್ರಮಾಣವೆಂದು ನಿರ್ಣಯಿಸಿದರು. ಹೀಗೆ ಆಸ್ತಿಕರಲ್ಲಿಯೇ ಈ ದಾರಿಯ ಬಗ್ಗೆ ಒಮ್ಮತವಿಲ್ಲ. ಕನ್ನಡದಲ್ಲಂತೂ ಅನುಮಾನವೆಂಬ ಮಾತಿಗೆ ಎರಡು ಅರ್ಥಗಳು: ಊಹಿಸಿ ತಿಳಿಯುವುದೆಂದು ಒಂದು, ಸಂದೇಹವೆಂದು ಇನ್ನೊಂದು. ಬಳಕೆಯ ಮಾತೇ ನಮಗೆ ಎಚ್ಚರಿಕೆಯನ್ನು ಹೇಳುವಂತಿದೆ.

ಊಹೆಯ ಬಲವನ್ನೂ ಮಿತಿಯನ್ನೂ ತಿಳಿಯುವುದಕ್ಕೆ ಖಗೋಲಶಾಸ್ತ್ರದ ಒಂದು ದೃಷ್ಟಾಂತವು ತಕ್ಕುದಾಗಿದೆ. ಯುರೇನಸ್ ಎಂಬ ಗ್ರಹವು ಲೆಕ್ಕಕ್ಕೆ ಸರಿಯಾಗಿ ಚಲಿಸುತ್ತಿರಲಿಲ್ಲ. ಅದರಾಚೆ ಕಾಣದ ಗ್ರಹವೊಂದಿದ್ದು ಅದನ್ನು ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲೆವೆರ್ಯೇ ಎಂಬ ಪಂಡಿತನು ಊಹಿಸಿ, ಅದಿರತಕ್ಕ ಸ್ಥಾನವನ್ನು ಗಣಿತದಿಂದ ಗೊತ್ತುಮಾಡಿದನು. 1846ನೆಯ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಗಾಲೆ ಎಂಬುವನು ದೂರದರ್ಶಕವನ್ನು ತಿರುಗಿಸಲು, ಹೇಳಿದ ಸ್ಥಾನಕ್ಕೆ ಒಂದು ಅಂಶದೊಳಗೇ ಹೊಸ ಗ್ರಹವು ದೊರೆಯಿತು. ಅದೇ ನೆಪ್ಚೂನ್. ಅನುಮಾನಕ್ಕೆ ಇದಕ್ಕಿಂತ ದೊಡ್ಡ ಜಯವುಂಟೇ?

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಬುಧಗ್ರಹದ ಚಲನೆಯಲ್ಲಿಯೂ ಸ್ವಲ್ಪ ವ್ಯತ್ಯಾಸವಿದ್ದಿತು. ಅದೇ ಲೆವೆರ್ಯೇ 1859ರಲ್ಲಿ ಅದೇ ತರ್ಕವನ್ನು ಹಿಡಿದು, ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಗ್ರಹಕಾಯವಿರಬೇಕೆಂದನು. ವಲ್ಕನ್ ಎಂದು ಅದಕ್ಕೆ ಹೆಸರೂ ಬಂದಿತು. ತಾವು ಅದನ್ನು ಕಣ್ಣಾರೆ ಕಂಡೆವೆಂದು ಕೆಲವರು ಹೇಳಿಯೂ ಹೇಳಿದರು! ಆದರೆ ಅಂಥ ಗ್ರಹವು ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನನು ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತದಿಂದ ಬುಧನ ಚಲನೆಯನ್ನು ಬೇರೆ ರೀತಿಯಾಗಿ ವಿವರಿಸಿದನು.

ವಾಚಕರು ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಬ್ಬನೇ ಮನುಷ್ಯ, ಒಂದೇ ಬಗೆಯ ತರ್ಕ. ಒಮ್ಮೆ ನಿಜವಾಯಿತು, ಇನ್ನೊಮ್ಮೆ ಸುಳ್ಳಾಯಿತು. ಆದುದರಿಂದ ತರ್ಕವು ಎಷ್ಟೇ ಸೊಗಸಾಗಿರಲಿ, ಅನುಭವದ ಒರೆಗಲ್ಲಿಗೆ ಹಚ್ಚುವವರೆಗೆ ಅದು ಊಹೆಯೇ. ಇದು ಮೊದಲನೆಯದು. ಇರಬೇಕೆಂದು ನಿಶ್ಚಯಿಸಿಕೊಂಡವನ ಕಣ್ಣಿಗೆ ಇಲ್ಲದ್ದೂ ಕಾಣುವುದು. ಆದುದರಿಂದ ಅನುಭವವನ್ನೂ ಪರೀಕ್ಷಿಸಬೇಕು. ಇದು ಎರಡನೆಯದು. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಪುರಾವೆಯನ್ನು ಕೇಳಲೇಬೇಕಾದ ಎಡೆಗಳು

ಧರ್ಮದ ಹೆಸರಿನಲ್ಲಿ ಬರುವ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ಬರಿಗೈಯಿಂದ ವಸ್ತುವನ್ನು ಸೃಷ್ಟಿಸುವೆನೆಂದಾಗಲಿ, ತಾಯಿತದಿಂದ ರೋಗವನ್ನು ಕಳೆಯುವೆನೆಂದಾಗಲಿ ಒಬ್ಬನು ಹೇಳಿದರೆ ಅದು ಈ ಲೋಕದ ಸಂಗತಿ. ಲೋಕದ ಸಂಗತಿಗೆ ಲೋಕದ ಪುರಾವೆಯೇ ಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ಹಲವು ಭಕ್ತರು ನೊಂದುಕೊಂಡರು. ಬಸವಣ್ಣನವರ ಮಾರ್ಗದಲ್ಲಿರುವವನು ಅದಕ್ಕೆ ನೊಂದುಕೊಳ್ಳಲು ಕಾರಣವಿಲ್ಲ. ಮಗುವಿಗೆ ಜ್ವರ ಬಂದಾಗ ವಿಭೂತಿಯನ್ನು ಧರಿಸಿ ಪ್ರಾರ್ಥಿಸುವುದು ಭಕ್ತಿ. ವಿಭೂತಿಯೇ ಸಾಕೆಂದು ವೈದ್ಯನನ್ನು ಕರೆಯದಿರುವುದು ಭಕ್ತಿಯಲ್ಲ, ಮಗುವಿಗೆ ಮಾಡಿದ ಅನ್ಯಾಯ.

ಚರಿತ್ರೆಯ ಸಂಗತಿಗಳೂ ಹಾಗೆಯೇ. ಈ ವಚನವು ಯಾರದು, ಈ ಪಾಠವು ಶುದ್ಧವೋ ಪ್ರಕ್ಷಿಪ್ತವೋ ಎಂಬುದನ್ನು ಶ್ರದ್ಧೆಯಿಂದ ತೀರ್ಮಾನಿಸಲಾಗದು. ವೃತ್ತಿಯಿಂದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಹುದುಗಿದ್ದ ತಾಡವೋಲೆಗಳನ್ನು ಹುಡುಕಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರಗಿಟ್ಟರು. ಓಲೆಯ ಸಾಕ್ಷ್ಯವನ್ನು ಬೆನ್ನಟ್ಟಿದ ಅವರ ಶ್ರಮವಿಲ್ಲದಿದ್ದರೆ ನಾವಿಂದು ವಚನಗಳ ಹೆಸರನ್ನೆತ್ತಿ ಚರ್ಚಿಸುವುದಕ್ಕೆ ಎಷ್ಟು ಉಳಿದಿರುತ್ತಿತ್ತು? ಪುರಾವೆಯನ್ನು ಅರಸುವುದೂ ಒಂದು ಶಿವಸೇವೆಯೇ ಎಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.

ಕರಸ್ಥಲದ ಲಿಂಗವು ಪುರಾವೆಯೋ?

ಈಗ ಆ ಹುಡುಗನ ಮಾತಿಗೆ ಬರೋಣ. ಇತರರ ದೇವರು ಗುಡಿಯಲ್ಲಿಯೋ ಆಕಾಶದಲ್ಲಿಯೋ ಇರುವನು. ನಮ್ಮದಾದರೋ ಅಂಗೈಯಲ್ಲಿ ಹಿಡಿದು ನೋಡುವಂಥದು. ಆದುದರಿಂದಲೇ 'ಇದರಲ್ಲಿ ದೇವರೆಲ್ಲಿ?' ಎಂಬ ಪ್ರಶ್ನೆಯು ನಮಗೆ ಹೆಚ್ಚು ನೇರವಾಗಿ ನಾಟುವುದು. ಇಷ್ಟಲಿಂಗವನ್ನು ಒಡೆದು ನೋಡಿದರೆ ಒಳಗೆ ಕಲ್ಲು, ಮೇಲೆ ಕಂತಿಯ ಲೇಪ; ಇದನ್ನು ಮರೆಮಾಚುವ ಅವಶ್ಯಕತೆಯಿಲ್ಲ. ಶರಣರು ಅದನ್ನು ಕುರುಹು ಎಂದರು. ಕುರುಹೆಂದರೆ ಪುರಾವೆಯಲ್ಲ. ಪುರಾವೆಯು ನಮ್ಮನ್ನು ಒಪ್ಪಿಸಿ ಸುಮ್ಮನಾಗಿಸುವುದು. ಕುರುಹು ನಮ್ಮನ್ನು ತನ್ನಾಚೆಗೆ ಕರೆದೊಯ್ಯುವುದು. ಕುರುಹಿನಿಂದ ಅರಿವಿಗೆ, ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಎಂಬ ಕ್ರಮದ ತಾತ್ಪರ್ಯವು ಇದೇ. ಅರಿವು ಮೂಡದೆ ಕುರುಹನ್ನಷ್ಟೇ ಹೊತ್ತವನನ್ನು ವಚನಕಾರರು ಹೊಗಳಲಿಲ್ಲ, ಕಟುವಾಗಿ ಟೀಕಿಸಿದರು.

ಭೌತಿಕವಾದ ಪುರಾವೆಯ ಬೆಲೆಯೆಷ್ಟೆಂಬುದನ್ನು ಅಲ್ಲಮಪ್ರಭುವೂ ಗೋರಕ್ಷನೂ ಸಂಧಿಸಿದ ಕಥೆಯು ಚೆನ್ನಾಗಿ ತಿಳಿಸುವುದು. ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಈ ಕಥೆಯಿದೆ. ಗೋರಕ್ಷನು ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಅದು ಲೋಹದಂತೆ ದನಿಗೊಟ್ಟಿತು, ಗಾಯವಾಗಲಿಲ್ಲ. ಬಳಿಕ ಅವನು ಅಲ್ಲಮನ ಮೇಲೆ ಕತ್ತಿಯನ್ನು ಬೀಸಿದಾಗ ಅದು ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಇದನ್ನು ನಡೆದ ಚರಿತ್ರೆಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕಥೆಯ ಹೃದಯವನ್ನು ನೋಡಿರಿ. ಗೋರಕ್ಷನು ತೋರಿಸಿದುದು ಪುರಾವೆ. ಆದರೆ ಅದು ದೇಹದ ಗಟ್ಟಿತನಕ್ಕೆ ಪುರಾವೆಯಾಯಿತೇ ಹೊರತು ಪರಶಿವನಿಗಲ್ಲ. ಮುಟ್ಟಿ ತೋರಿಸಬಹುದಾದುದು ಯಾವುದೇ ಇರಲಿ, ಅದು ಇನ್ನೊಂದು ವಸ್ತುವಾಗಿರುವುದು. ಎಲ್ಲ ವಸ್ತುಗಳಿಗೂ ಆಧಾರವಾದುದನ್ನು ವಸ್ತುಗಳ ಸಾಲಿನಲ್ಲಿ ಹುಡುಕುವುದು ಹೇಗೆ?

ನಂಬುವುದೆಂದರೇನು?

ಕನ್ನಡದಲ್ಲಿ 'ದೇವರಿದ್ದಾನೆಂದು ನಂಬುವುದು' ಬೇರೆ, 'ದೇವರನ್ನು ನಂಬುವುದು' ಬೇರೆ. ಮೊದಲನೆಯದು ಒಂದು ಅಭಿಪ್ರಾಯ. ಎರಡನೆಯದು ಒಂದು ಬಾಳುವೆ. ಮುಂಗಾರು ಬರುವುದೆಂದು ಕಟ್ಟೆಯ ಮೇಲೆ ಕುಳಿತು ಹೇಳುವವರು ಬಹಳ ಮಂದಿ. ಒಕ್ಕಲಿಗನು ಮನೆಯಲ್ಲಿರುವ ಬೀಜದ ಕಾಳನ್ನು ಮಣ್ಣಿಗೆ ಹಾಕುವನು. ಅವನಿಗೂ ಮಳೆಯ ವಿಷಯದಲ್ಲಿ ಸಂಶಯವಿಲ್ಲದಿಲ್ಲ. ಆದರೂ ಕೂರಿಗೆಯನ್ನು ಹೂಡುವನು. ಅವನದು ನಂಬುಗೆ. ವಚನಕಾರರು ಕೇಳಿದ್ದು ಈ ಎರಡನೆಯದನ್ನು. ಅದಕ್ಕಾಗಿಯೇ ಅವರು ದೇವರ ಇರವನ್ನು ವಾದದಿಂದ ಸಾಧಿಸುವುದಕ್ಕೆ ವ್ಯಯಮಾಡಿದ ಮಾತು ಅತ್ಯಲ್ಪ. ಭಕ್ತನ ಇರವನ್ನು ಪರೀಕ್ಷಿಸುವುದಕ್ಕೆ ವ್ಯಯಮಾಡಿದುದು ಅಪಾರ.

ಅನುಭವವೂ ಮೋಸಹೋಗುವುದೆಂದು ವಲ್ಕನ್ ಗ್ರಹದ ಕಥೆಯಲ್ಲಿ ಕಂಡೆವಷ್ಟೆ. ನನಗೆ ಬೆಳಕು ಕಂಡಿತು, ನನಗೆ ಸಾಕ್ಷಾತ್ಕಾರವಾಯಿತು ಎನ್ನುವವನ ಮಾತನ್ನು ಒರೆಹಚ್ಚುವುದು ಹೇಗೆ? ಶರಣರು ಎರಡು ಒರೆಗಲ್ಲುಗಳನ್ನಿಟ್ಟರು: ಒಂದು ಗೋಷ್ಠಿ, ಇನ್ನೊಂದು ಕಾಯಕ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುವವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನ ಸತಿ ಲಕ್ಕಮ್ಮನು ಅದನ್ನು ನೋಡಿದಳು. ನಮ್ಮ ಅಗತ್ಯಕ್ಕಿಂತ ಹೆಚ್ಚಾದುದು ನಮಗೆ ಸಲ್ಲದೆಂದು ತಿರುಗಿ ಕಳುಹಿಸಿದಳು. ಪತಿಯ ಭಕ್ತಿಯನ್ನು ಅಳೆಯುವುದಕ್ಕೆ ಆಕೆಯು ಆಕಾಶವನ್ನು ನೋಡಲಿಲ್ಲ. ಚೀಲದಲ್ಲಿದ್ದ ಅಕ್ಕಿಯನ್ನು ನೋಡಿದಳು. ಭೌತಿಕವಾದ ಪುರಾವೆಯು ಬೇಕೇ ಎಂದು ಕೇಳುವವರಿಗೆ ಇಲ್ಲಿ ಉತ್ತರವಿದೆ: ಬೇಕು, ಅವಶ್ಯವಾಗಿ ಬೇಕು, ಆದರೆ ಅದು ಭಕ್ತನಿಂದ ಬರಬೇಕಾದುದು.

ಎರಡು ಆಕ್ಷೇಪಗಳು

ಒಬ್ಬರು ಹೇಳಬಹುದು: ದೇವರನ್ನು ನಂಬದ ಸಜ್ಜನರೂ ಇರುವರಲ್ಲವೇ? ಶುದ್ಧವಾದ ನಡತೆಯಿಂದ ದೇವರಿರುವನೆಂದು ಹೇಗೆ ಸಿದ್ಧವಾಯಿತು? ಈ ಆಕ್ಷೇಪವು ನ್ಯಾಯವಾದುದು. ನಡತೆಯಿಂದ ದೇವರು ಸಿದ್ಧನಾಗುವನೆಂದು ನಾವು ಹೇಳುತ್ತಿಲ್ಲ. ಸಿದ್ಧವಾಗುವುದು ನಂಬುಗೆಯ ಸಾಚಾತನ ಮಾತ್ರ. ನಿರೀಶ್ವರವಾದಿಯು ಪ್ರಾಮಾಣಿಕನಾಗಿದ್ದರೆ ಅವನನ್ನು ಗೌರವಿಸತಕ್ಕದ್ದು. ಭಕ್ತನು ಅಪ್ರಾಮಾಣಿಕನಾಗಿದ್ದರೆ ಅವನ ಭಕ್ತಿಯನ್ನು ಶಂಕಿಸತಕ್ಕದ್ದು. ಅನುಭಾವಿಯು 'ನನಗೆ ಇದು ಸತ್ಯವಾಗಿದೆ, ಬಂದು ನಡೆದು ನೋಡು' ಎಂದು ಕರೆಯಬಲ್ಲನು. ನಡೆಯದವನನ್ನು ವಾದದಿಂದ ಕಟ್ಟಿಹಾಕಲಾರನು. ಕಟ್ಟಿಹಾಕಲು ಹೊರಟರೆ ಅದು ಭಕ್ತಿಯಾಗಿ ಉಳಿಯದು.

ಇನ್ನೊಂದು ಆಕ್ಷೇಪವು ದುಃಖದಿಂದ ಹುಟ್ಟುವುದು. 'ನಂಬಿ ಪೂಜಿಸಿದೆನು, ಆದರೂ ಕಷ್ಟವು ತಪ್ಪಲಿಲ್ಲ. ಕೃಪೆಗೆ ಸಾಕ್ಷಿಯೆಲ್ಲಿ?' ಎಂದು ಕೇಳುವವರಿದ್ದಾರೆ. ಅವರ ಮುಂದೆ ತರ್ಕವನ್ನು ಹರಡುವುದು ನಿರ್ದಯೆಯಾದೀತು. ಕಲ್ಯಾಣದ ಕೊನೆಯ ದಿನಗಳನ್ನು ಮಾತ್ರ ಅವರೊಡನೆ ನೆನೆಯಬಹುದು. ಸಮಗಾರ ಕುಲದಿಂದ ಬಂದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ವಿವಾಹವಾದುದಕ್ಕಾಗಿ ಆ ತಂದೆಯರಿಬ್ಬರನ್ನೂ ಬಿಜ್ಜಳನು ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು ಪರಂಪರೆಯು ಹೇಳುವುದು. ಯಾವ ಪವಾಡವೂ ಅವರನ್ನು ಬಿಡಿಸಲಿಲ್ಲ. ಆಪತ್ತಿನಿಂದ ಪಾರಾಗುವುದೇ ದೇವರಿಗೆ ಪುರಾವೆಯಾಗಿದ್ದರೆ ಶರಣಧರ್ಮವು ಅಂದೇ ಕಲ್ಯಾಣದ ಬೀದಿಯಲ್ಲಿ ಮುಗಿದುಹೋಗಬೇಕಾಗಿತ್ತು. ಮುಗಿಯಲಿಲ್ಲ. ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರು. ಅವರ ನಂಬುಗೆಯು ಪಾರಾಗುವ ಭರವಸೆಯ ಮೇಲೆ ನಿಂತಿರಲಿಲ್ಲ. ಮಕ್ಕಳ ಮದುವೆಯನ್ನು ಮಾಡಿದುದು ಸರಿಯೆಂದು ಅವರು ಅರಿತಿದ್ದರು. ಆ ಅರಿವನ್ನು ಆನೆಯು ತುಳಿಯಲಾರದು.

ತಂದೆಗೆ ಹೇಳಿದ ಮಾತು

ಆ ಸಂಜೆ ಹಿರಿಯರಿಗೆ ಇಷ್ಟನ್ನು ವಿಸ್ತಾರವಾಗಿ ಹೇಳಲಾಗಲಿಲ್ಲ. ಹೇಳಿದ್ದು ಸಂಕ್ಷೇಪವಾಗಿ: "ಮಗನಿಗೆ ತೋರಿಸುವಂಥ ಪುರಾವೆ ಮಠದ ಕಪಾಟಿನಲ್ಲಿಲ್ಲ, ನಿಮ್ಮ ಅಂಗಡಿಯ ತಕ್ಕಡಿಯಲ್ಲಿದೆ. ಅವನು ಚಿಕ್ಕಂದಿನಿಂದ ಆ ತಕ್ಕಡಿಯನ್ನು ನೋಡುತ್ತ ಬೆಳೆದವನು. ಮುಂಜಾನೆ ಅಂಗೈಯಲ್ಲಿ ಲಿಂಗವನ್ನು ಹಿಡಿದ ಕೈ ಮಧ್ಯಾಹ್ನ ತೂಕದ ಕಲ್ಲನ್ನು ಹೇಗೆ ಹಿಡಿಯುತ್ತದೆ, ಹಮಾಲನ ಕೂಲಿಯನ್ನು ಹೇಗೆ ಎಣಿಸುತ್ತದೆ ಎಂಬುದನ್ನು ಅವನು ಕಂಡಿದ್ದಾನೆ. ಅಲ್ಲಿ ಕುಂದಿದ್ದರೆ ನಮ್ಮ ಯಾವ ವಾದವೂ ನಡೆಯದು. ಅಲ್ಲಿ ಕುಂದಿಲ್ಲದಿದ್ದರೆ ನೀವು ಅವಸರಪಡಬೇಕಾದುದಿಲ್ಲ. ಲಿಂಗವನ್ನು ಅವನ ಕೊರಳಿಗೆ ಒತ್ತಾಯದಿಂದ ಕಟ್ಟಬೇಡಿರಿ. ಪಂಕ್ತಿಗೆ ಮಾತ್ರ ಕರೆಯಿರಿ. ಅವನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿರಿ. ತಿಳಿಯದುದನ್ನು ತಿಳಿಯದೆಂದು ಹೇಳಿರಿ."

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ತಕ್ಕಡಿಯ ಮಾತು ಭಾರವಾಯಿತು, ಶರಣರೇ" ಎಂದಷ್ಟೇ ನುಡಿದು ಹೊರಟುಹೋದರು. ಮಗನು ಮತ್ತೆ ಲಿಂಗಧಾರಣೆಯನ್ನು ಮಾಡಿದನೆಂಬ ಸುದ್ದಿಯು ಈವರೆಗೆ ಬಂದಿಲ್ಲ. ಬರುವುದೋ ಇಲ್ಲವೋ ಶಿವನಿಗೆ ಗೊತ್ತು. ಆದರೆ ತಂದೆ ಮಗ ಈಗ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವರು, ಊಟವಾದ ಮೇಲೆ ವಾದವನ್ನೂ ಮಾಡುತ್ತಿರುವರು ಎಂದು ತಿಳಿದುಬಂದಿದೆ. ಕರಡಿಗೆಯು ಜಗಲಿಯ ಮೇಲೆಯೇ ಇದೆ; ತಾಯಿಯು ದಿನವೂ ಅದರ ಧೂಳನ್ನು ಒರೆಸುವಳಂತೆ.

ವಾಚಕರೇ, ನಿಮ್ಮ ಮನೆಯಲ್ಲಿ ಈ ಪ್ರಶ್ನೆಯು ಎದ್ದಾಗ ಮೊದಲು ಉತ್ತರವನ್ನು ಹುಡುಕಬೇಡಿರಿ. ನಮ್ಮ ದಿನಚರಿಯನ್ನು ಯಾರಾದರೂ ಪುರಾವೆಯೆಂದು ಎತ್ತಿ ನೋಡಿದರೆ ಅದರಲ್ಲಿ ಏನು ಕಂಡೀತೆಂದು ಒಮ್ಮೆ ವಿಚಾರಿಸಿರಿ. ಹಾಗೆ ವಿಚಾರಿಸಿದವನಿಗೆ ಮಕ್ಕಳ ಪ್ರಶ್ನೆಯ ಮೇಲೆ ಸಿಟ್ಟು ಬರುವುದಿಲ್ಲ. ಶರಣು ಶರಣಾರ್ಥಿ.